ಒಲೆ ತಣ್ಣಗಿದ್ದ ಮನೆ

ಮಹಾನಂದಾ ಚರಿಗೆ ಬಾಗಿಸಿ ಕೆಂಡದ ಮೇಲೆ ನೀರು ಬಿಟ್ಟಳು. ಒಮ್ಮೆಲೇ ಅಲ್ಲ. ಬೆರಳ ಸಂದಿಯಿಂದ, ಹನಿ ಹನಿಯಾಗಿ. ಒಮ್ಮೆಲೇ ಸುರಿದರೆ ಚುಂಯ್ ಎನ್ನುತ್ತದೆ, ಪಡಸಾಲೆಯಲ್ಲಿರುವ ಅಣ್ಣನ ಹೆಂಡತಿ ವೈನಿಗೆ ಕೇಳಿಸುತ್ತದೆ.

ಕೆಂಡಗಳು ಒಂದೊಂದಾಗಿ ಕಪ್ಪಾದವು. ಮೇಲೆ ಒಣ ಬೂದಿ ಎಳೆದಳು. ಒಲೆಯ ದಂಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಬೇಗ ತಣ್ಣಗಾಗಲಿ ಎಂದು.

"ಕುಡ್ಯಾಕ ನೀರ ಸಿಗ್ತಾವೇನ್ರಿ?"

ಹಿತ್ತಲ ಬಾಗಿಲಲ್ಲಿ ಒಬ್ಬ ಗಂಡಸು!

ಎಷ್ಟು ಹೊತ್ತಿನಿಂದ ನಿಂತಿದ್ದಾನೆ? ನೋಡಿದನೆ?

"ನಾ ಹಣಮೇಶ ರೀ. ದಲ್ಲಾಲಿ ಸುಲ್ತಾನಸಾಬರ ಕಡಿಯಿಂದ ಬಂದೀನಿ. ಮನಿ ತಗೊಳ್ಳೂ ಗಿರಾಕಿ ಹಿಂದ ಬರಾಕತ್ತಾರ. ಅವರಿಗಿಂತ ಮೊದಲ ನಾ ಒಮ್ಮೆ ಮನಿ ನೋಡಬೇಕಲ್ಲ."

ಅವಳು ಕೈಯಲ್ಲಿದ್ದ ಚರಿಗೆಯನ್ನೇ ಮುಂದೆ ಚಾಚಿದಳು. ಕೆಂಡ ಆರಿಸಿ ಉಳಿದ ನೀರನ್ನು ಅವನು ಕತ್ತೆತ್ತಿ ಗಟಗಟ ಕುಡಿದ.

"ಥಣ್ಣಗ ಅವ ರೀ!" ಎಂದು ನಕ್ಕ.

ಅವಳ ಬೆರಳಿನ ತುದಿಯಲ್ಲಿ ಒದ್ದೆ ಬೂದಿ ಇತ್ತು. ಸೆರಗಿನೊಳಗೆ ಮುಚ್ಚಿಕೊಂಡಳು.

ಶಹಾಪುರದ ಆ ಓಣಿಯಲ್ಲಿ ಮನೆ ನೋಡಲು ಬಂದ ಗಂಡಸರು ಕಾಗದ ಕೇಳುತ್ತಿದ್ದರು. ಹೆಂಗಸರು ಮಾತ್ರ ನೇರ ಅಡುಗೆಮನೆಗೆ ಬಂದು ಒಲೆಯ ದಂಡೆಯ ಮೇಲೆ ಅಂಗೈ ಇಡುತ್ತಿದ್ದರು. ಗ್ಯಾಸು ಬಂದು ಎಷ್ಟೋ ವರ್ಷವಾದರೂ ರೊಟ್ಟಿ ಆ ಒಲೆಯ ಮೇಲೆಯೇ. ಹೊತ್ತೇರಿದ ಮೇಲೂ ಒಲೆ ಬೆಚ್ಚಗಿದ್ದರೆ ಅದು ಉಂಡು ತಿಂದು ಸುಖವಾಗಿರುವ ಮನೆ. ತಣ್ಣಗಿದ್ದರೆ ಮುಗಿಯಿತು. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಅಂದು ಬಂದ ಹೆಂಗಸೂ ಅಂಗೈ ಇಟ್ಟಳು. ತಟ್ಟನೆ ಹಿಂದೆಗೆದಳು. ಗಂಡನ ಮುಖ ನೋಡಿದಳು. ಅಷ್ಟೇ.

"ಮತ್ತ ಆರ್ಯದ!" ವೈನಿ ದಾನೇಶ್ವರಿ ಆಮೇಲೆ ಹಣೆ ಬಡಿದುಕೊಂಡಳು. "ಮುಂಜಾನಿ ನಾನ ಕೆಂಡ ಮುಚ್ಚಿಟ್ಟು ಹೋಗೀನಿ. ಏನ ಪೀಡಾ ಸೇರ್ಯದ ಈ ಮನ್ಯಾಗ?"

"ಸೌದಿ ಹಸಿ ಇದ್ವು ವೈನಿ…"

ಸುಳ್ಳು ಹೇಳುವಾಗ ಮಹಾನಂದಾಳ ನಾಲಗೆ ಒಣಗುತ್ತಿತ್ತು.

ಮನೆ ಅಣ್ಣ ಶಿವರಾಜನ ಹೆಸರಿನಲ್ಲಿತ್ತು. ಮಾರಿದರೆ ಅವನು ಯಾದಗಿರಿಯ ಸ್ಟೇಷನ್ ಹತ್ತಿರ ಪೇಂಟಿನ ಅಂಗಡಿ ಹಾಕುತ್ತಾನೆ, ಅಂಗಡಿಯ ಮೇಲೆ ಒಂದೇ ಖೋಲಿ. ಗಂಡ ಹೆಂಡತಿಗೆ ಸಾಕು. ತಂಗಿಗೆ?

"ನಂದಾನ ಸೊಲ್ಲಾಪುರಕ್ಕ ಕಳಸೂದು. ಅಲ್ಲಿ ಸೋದರತ್ತಿ ಕೈಕಾಲಿಗೆ ಒಬ್ಬರು ಬೇಕಾಗ್ಯಾರ."

ಅಣ್ಣ ವೈನಿಯ ಆ ಮಾತು ಅವಳ ಎದುರಿಗೇ ನಡೆದಿತ್ತು, ಅವಳನ್ನು ಕೇಳದೆ. ಏಳನೇ ತರಗತಿಗೆ ಶಾಲೆ ಬಿಡಿಸಿದಾಗಲೂ ಹಾಗೆಯೇ ನಡೆದಿತ್ತು. ಸೊಲ್ಲಾಪುರಕ್ಕೆ ಅವಳು ಒಮ್ಮೆ ಹೋಗಿದ್ದಳು. ಅತ್ತೆ ಹೊರಗೆ ಹೋಗುವಾಗ ಬಾಗಿಲಿಗೆ ಕೀಲಿ ಹಾಕಿಕೊಂಡು ಹೋಗುತ್ತಿದ್ದಳು… ಒಳಗೆ ಮಂದಿ ಇದ್ದರೂ! ಆ ಕೀಲಿಯ ಸಪ್ಪಳ ಇನ್ನೂ ಕಿವಿಯಲ್ಲಿತ್ತು.

ಹಾಗಾಗಿ ಅವಳು ಒಲೆ ಆರಿಸುತ್ತಿದ್ದಳು. ಅರ್ಧ ಗಿರಾಕಿಗಳನ್ನು ಕಾರು ಬರದ ಓಣಿಯೇ ವಾಪಸ್ಸು ಕಳಿಸುತ್ತಿತ್ತು, ಉಳಿದವರನ್ನು ಅವಳು.

ಆದರೆ ಹಣಮೇಶ ಬರುವುದು ನಿಲ್ಲಿಸಲಿಲ್ಲ. ಸೋಮವಾರ ಬಂತೆಂದರೆ ಅವನ ಬೈಕಿನ ಸದ್ದು. ಗಿರಾಕಿ ಇಲ್ಲದ ಸೋಮವಾರವೂ! ಫೋಟೋ ತೆಗೆಯಬೇಕು, ಅಳತೆ ಹಿಡಿಯಬೇಕು, ಏನಾದರೊಂದು ನೆಪ.

ಒಂದು ದಿನ ಕೇಳಿದ, "ಈ ಮನ್ಯಾಗ ನಿಮಗ ಯಾವುದು ಭಾಳ ಸೇರ್ತದ ರೀ?"

ಮಹಾನಂದಾ ಬೆಚ್ಚಿದಳು. ಅವಳಿಗೆ ಏನು ಇಷ್ಟ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ಬೆಳಕಿಂಡಿ…" ಎಂದಳು. "ಹನ್ನೊಂದಕ್ಕ ಬಿಸಿಲು ಬೀಸೂಕಲ್ಲಿನ ಮ್ಯಾಲ ಬೀಳ್ತದ. ರುಪಾಯಿ ಅಗಲ. ಸಣ್ಣಾಕಿ ಇದ್ದಾಗ ಅದನ್ನ ಮುಚ್ಚಾಕ ನೋಡ್ತಿದ್ದೆ. ಕೈ ಮ್ಯಾಲ ಬಂದು ಕೂಡ್ತಿತ್ತು."

ಅಷ್ಟು ಉದ್ದದ ಮಾತು ಅವಳು ಯಾರ ಜೊತೆಗೂ ಆಡಿರಲಿಲ್ಲ. ಅವನು ನಗಲಿಲ್ಲ. ಬೀಸುಕಲ್ಲಿನ ಮೇಲೆ ತನ್ನ ಕೈ ಇಟ್ಟು ನೋಡಿದ.

ಅಂದಿನಿಂದ ಅವಳಿಗೆ ಎರಡು ಭಯ. ಮನೆ ಮಾರಿದರೆ ಸೊಲ್ಲಾಪುರ. ಮನೆ ಮಾರಿದರೆ ಇವನು ಬರುವುದಿಲ್ಲ!

ಮುಂದಿನ ಸೋಮವಾರ ಬೇರೆ ಗಿರಾಕಿ. ಅವಳು ಬಾಗಿಲ ಮರೆಯಲ್ಲಿದ್ದಳು. ಹಣಮೇಶನ ದನಿ ಕೇಳಿಸಿತು:

"ಬರ್ರಿ ಅಕ್ಕಾರ, ಹನ್ನೊಂದು ಆತು. ಬೆಳಕಿಂಡಿ ನೋಡ್ರಿ. ಬಿಸಿಲು ರುಪಾಯಿ ಅಗಲ ಬೀಳ್ತದ, ಕೈ ಚಾಚಿದ್ರ ಕೈ ಮ್ಯಾಲ ಬಂದು ಕೂಡ್ತದ!"

ಅವಳ ಮೈಯೆಲ್ಲ ಉರಿಯಿತು. ನನ್ನ ಮಾತು! ನನ್ನ ಮಾತನ್ನೇ ಮಾರಲು ಇಟ್ಟನಲ್ಲ! ಇದಕ್ಕೇ ಕೇಳಿದ್ದೇನು?

ಆ ದಿನವೂ ಒಲೆಯನ್ನು ಅವಳು ಹನಿ ಹನಿಯಾಗಿಯೇ ಆರಿಸಿದ್ದಳು. ಇಡೀ ಚರಿಗೆ ಒಮ್ಮೆಲೇ ಸುರಿದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಆಮೇಲೆ ಎರಡು ಸೋಮವಾರ ಅವನ ಎದುರಿಗೆ ಬರಲಿಲ್ಲ. ಅವನು ಹಿತ್ತಲಿಗೆ ಬಂದು ನೀರು ಕೇಳಿದರೆ ಚರಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

ಮೂರನೆಯ ವಾರ ಸುಲ್ತಾನಸಾಬರೇ ಬಂದರು. ಗಿಡ್ಡನೆಯ ಮನುಷ್ಯ, ಸದಾ ಅಡಕೆ ಅಗಿಯುವ ಬಾಯಿ.

"ಬಜಾರ ಥಂಡಾ ಅದ, ಶಿವರಾಜಪ್ಪ. ಎಲ್ಲಾರೂ ಬೈಪಾಸ್ ಕಡಿ ಪ್ಲಾಟ್ ಅಂತಾರ. ಅದು ಒಂದು. ಎರಡನೇದು, ನಮ್ಮ ಹಣಮ್ಯಾನ ಕಾಲ್ಗುಣ." ಹಣಮೇಶನ ಕಡೆ ತಿರುಗಿದರು. "ನಾಲ್ಕು ತಿಂಗಳ ಆತು ಬೇಟಾ, ಈ ಒಂದು ಮನಿ ಮಾರಿ ಹೋಗಲಿಲ್ಲ ನಿನ್ನ ಕೈಯಿಂದ. ಮುಂದಿನ ಸೋಮವಾರ ಹುಣಸಗಿ ಮಾಸ್ತರು ಬರ್ತಾರ. ಅವರೂ ಬ್ಯಾಡ ಅಂದ್ರ ನೀ ನಿಮ್ಮೂರ ಸಗರಕ್ಕ ಹೋಗಿ ನಿಮ್ಮಪ್ಪನ ಕುರಿ ಕಾಯಿ."

"ಕುರಿ ಛಲೋ ಬಿಡ್ರಿ ಚಾಚಾ. ಒಲಿ ಮುಟ್ಟಿ ನೋಡೂದಿಲ್ಲ," ಎಂದ ಹಣಮೇಶ.

ಎಲ್ಲರೂ ನಕ್ಕರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಹಾನಂದಾ ನಗಲಿಲ್ಲ. ಅವನ ಕಿವಿ ಕೆಂಪಾಗಿದ್ದು ಅವಳಿಗೆ ಮಾತ್ರ ಕಂಡಿತು.

ಅಯ್ಯೋ… ಇದು ನಾನು ಮಾಡಿದ್ದು. ಅವನದು ಏನೂ ತಪ್ಪಿಲ್ಲ.

ಆ ವಾರ ವೈನಿ ಬಾಗಿಲಿಗೆ ಹೊಸ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಅದನ್ನು ನೋಡಿದಾಗೆಲ್ಲ ಮಹಾನಂದಾಳಿಗೆ, ಇದು ನನ್ನನ್ನೇ ನೋಡಿ ಕಟ್ಟಿದ್ದು ಅನಿಸುತ್ತಿತ್ತು.

ಸೋಮವಾರ ಬಂತು. ಚರಿಗೆ ಕೈಯಲ್ಲಿತ್ತು. ಕೆಂಡ ಎದುರಿಗಿತ್ತು.

ಬಹಳ ಹೊತ್ತು ನಿಂತಳು. ಕಿವಿಯಲ್ಲಿ ಸೊಲ್ಲಾಪುರದ ಕೀಲಿ ತಿರುಗಿತು.

ಚರಿಗೆಯನ್ನು ಕೆಳಗಿಟ್ಟಳು. ಎರಡು ಒಣ ಕಟ್ಟಿಗೆ ತಂದು ಒಲೆಗೆ ಹಾಕಿದಳು. ಊದುಗೊಳವೆ ಹಿಡಿದು ಊದಿದಳು. ಹೊಗೆಗೋ ಏನೋ, ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ.

ಮಾಸ್ತರ ಹೆಂಡತಿ ಬಸವೇಶ್ವರಿ ಒಳಗೆ ಬಂದಳು. ಅಂಗೈ ಇಟ್ಟಳು. ತೆಗೆಯಲಿಲ್ಲ! ಇನ್ನೊಂದು ಅಂಗೈಯನ್ನೂ ಇಟ್ಟಳು.

"ಎಷ್ಟು ಬೆಚ್ಚಗದ, ತಾಯಿ," ಎಂದಳು ಮಹಾನಂದಾಳ ಮುಖ ನೋಡಿ. ಪಡಸಾಲೆಗೆ ಹೋಗಿ ಗಂಡನಿಗೆ ಹೇಳಿದಳು, "ಇದ ಇರ್ಲಿ ರೀ. ಓಣಿ ಸಣ್ಣದಿದ್ರ ಇರ್ಲಿ. ನಮ್ಮ ಬಳಿ ಕಾರ ಎಲ್ಲದ?"

ಹೊರಗೆ ನಗು. ಅಣ್ಣನ ದನಿ. ಸುಲ್ತಾನಸಾಬರ "ಮುಬಾರಕ್!" ವೈನಿ ಸಕ್ಕರೆ ಡಬ್ಬಿಗಾಗಿ ಓಡಿ ಬಂದು ಒಯ್ದಳು.

ಮಹಾನಂದಾ ಒಲೆಯ ಮುಂದೆ ಕುಳಿತಳು. ಮುಗಿಯಿತು.

ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು.

"ಮನಿ ಹೋತು ರೀ," ಎಂದ ಹಣಮೇಶ. ಮುಖದಲ್ಲಿ ಸಂತೋಷವಿರಲಿಲ್ಲ. "ಒಂದು ಕೇಳ್ತೀನಿ. ನಾಲ್ಕು ತಿಂಗಳ ಆರಿದ್ದ ಒಲಿ ಇವತ್ತ ಹೆಂಗ ಹತ್ತಿತು?"

ಹೇಳಬೇಡ, ಎಂದಿತು ಭಯ. ಅವಳು ಕೆಂಡವನ್ನೇ ನೋಡುತ್ತ ಹೇಳಿದಳು:

"ನಾನ ಆರಸ್ತಿದ್ದೆ. ನೀರ ಹಾಕಿ. ನೀವು ಮೊದಲ ದಿನ ಕುಡದ್ರಲ್ಲ… ಅದ ನೀರು."

ಅವನು ಕೆಳಗಿದ್ದ ಚರಿಗೆಯನ್ನು ನೋಡಿದ.

"ನೀವು?! ನಾ ಅಬ್ಬೆತುಮಕೂರ ಮಠಕ್ಕ ನಡಕೋತ ಹೋಗಿ ಕಾಯಿ ಒಡದು ಬಂದೀನಿ! ನಂದ ಕಾಲ್ಗುಣ ಸುಮಾರ ಅಂತ ಮೂರು ವಾರ ಚಪ್ಪಲಿ ಬಿಟ್ಟು ಬರಿಗಾಲಿಲೆ ಅಡ್ಡಾಡೀನಿ! ಮಂದಿ ಮುಂದ ನನಗ ಕುರಿ ಕಾಯಾಕ ಹೋಗು ಅಂದ್ರು, ಗೊತ್ತದೇನ ನಿಮಗ?"

"ಗೊತ್ತದ. ಅದಕ್ಕ ಇವತ್ತ ಹಚ್ಚಿದೆ."

ಅವನ ಸಿಟ್ಟು ಅಲ್ಲಿಗೇ ನಿಂತಿತು.

"ಆರಸಿದ್ದು ಯಾಕ?"

"ಮನಿ ಹೋದ್ರ ನಾ ಸೊಲ್ಲಾಪುರಕ್ಕ. ಅಲ್ಲಿ ಕೀಲಿ ಹಾಕ್ತಾರ…" ಅವಳು ಕಟ್ಟಿಗೆಯನ್ನು ಒಳಗೆ ನೂಕಿದಳು. "ಮೊದಲ ಅದಕ್ಕ. ಆಮ್ಯಾಲ… ಸೋಮವಾರಕ್ಕ."

ಒಲೆಯಲ್ಲಿ ಕಟ್ಟಿಗೆ ಚಟ್ ಎಂದಿತು. ಅವನು ಮೆಲ್ಲಗೆ ಒಳಗೆ ಬಂದು, ಅವಳಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ.

"ನೀವು ಮುಖ ತೋರಸ್ತಿರಲಿಲ್ಲ ಯಾಕ?"

"ನನ್ನ ಬೆಳಕಿಂಡಿ ಮಾತು ಗಿರಾಕಿಗೆ ಮಾರಿದ್ರಿ."

"ಮಾರಲಿಲ್ಲ ರೀ!" ಅವನು ತಲೆ ತಗ್ಗಿಸಿದ. "ನೀವು ಬಾಗಲ ಹಿಂದ ಇರ್ತೀರಿ ಅಂತ ಗೊತ್ತಿತ್ತು. ನಿಮ್ಮ ಮಾತು ನಾ ಮರ್ತಿಲ್ಲ ಅಂತ ಕೇಳಸಬೇಕಿತ್ತು. ನಿಮಗ ನೇರ ಹೇಳಾಕ ನನಗ ಅಂಜಿಕಿ."

ನಿಮಗೂ ಅಂಜಿಕೆಯೇ? ಅವಳು ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು.

"ಸೊಲ್ಲಾಪುರಕ್ಕ ಹೋಗಬ್ಯಾಡ್ರಿ."

"ಮತ್ತ ಎಲ್ಲಿರ್ಲಿ?"

"ಸಗರದಾಗ ನಮ್ಮ ಮನಿ ಅದ. ಹಿಂದ ಕುರಿ ದೊಡ್ಡಿ. ವಾಸನಿ ಬರ್ತದ, ಸುಳ್ಳ್ಯಾಕ ಹೇಳ್ಲಿ. ನನ್ನಂಥ ದಲ್ಲಾಲಿ ಹತ್ತು ಮಂದಿ ಬಂದ್ರೂ ಮಾರಾಕ ಆಗೂದಿಲ್ಲ. ಹೊರಗ ಕೀಲಿ ಇಲ್ಲ, ಚಿಲಕ ಒಳಗಿಂದ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಭಯ.

"ಅಣ್ಣ ಒಪ್ಪೂದಿಲ್ಲ. ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಹೊಡೀತಾನ ರೀ… ನಿಮಗ."

"ಹೊಡೀಲಿ. ನಾ ಈಗ ಹೋಗಿ ಹೇಳ್ತೀನಿ." ಅವನು ಎದ್ದ.

"ತಡೀರಿ." ಅವಳೂ ಎದ್ದಳು. ಹೊಸ್ತಿಲಿನಾಚೆ ಮಂದಿ ಇದ್ದರು. ಅಣ್ಣ, ವೈನಿ, ಸಾಬರು, ಕೊಂಡವರು. ಇಪ್ಪತ್ತಮೂರು ವರ್ಷದಲ್ಲಿ ಅವಳು ಆ ಹೊಸ್ತಿಲ ಮೇಲೆ ನಿಂತು ಒಂದು ಮಾತೂ ಆಡಿರಲಿಲ್ಲ. "ನೀವು ಒಬ್ಬರ ಹೋಗಬ್ಯಾಡ್ರಿ. ಇಬ್ಬರೂ ಹೋಗೂಣು."

"ಅಂಜಿಕಿ ಇಲ್ಲೇನು?"

"ಭಾಳ ಅದ."

ಅವನು ಬೂದಿ ಮೆತ್ತಿದ ಅವಳ ಬೆರಳುಗಳನ್ನು ಹಿಡಿದ. ಈ ಸಲ ಅವಳು ಅವನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ಬೆಳಕಿಂಡಿಯ ಬಿಸಿಲು ಬೀಸುಕಲ್ಲಿನಿಂದ ಜಾರಿ ಅವರ ಕಾಲ ಹತ್ತಿರ ಬಂದಿತ್ತು. ಇಬ್ಬರೂ ಇನ್ನೂ ಹೆಜ್ಜೆ ಎತ್ತಿರಲಿಲ್ಲ.

ಪಡಸಾಲೆಯಿಂದ ಅಣ್ಣ ಕೂಗಿದ, "ನಂದಾ! ಚಾ ತಗೊಂಡು ಬಾ."

ಅವಳು ಅವನ ಕೈ ಬಿಡದೆ ಹೊಸ್ತಿಲ ಕಡೆ ಹೆಜ್ಜೆ ಇಟ್ಟಳು.

"ನಂದಾ… ಒಲಿ ಹತ್ತ್ಯದಲ್ಲ, ಐದು ಕಪ್ ಚಾ ತಗೊಂಡು ಬಾರವ್ವ."