ಗ್ರೇವಿಯ ಹಲಗೆ

"ಇದು ತಪ್ಪು," ಎಂದಳು ರುಸ್ನೆ.

ಬ್ರೋಡಿ ಮರದ ಹಲಗೆಯೊಂದನ್ನು ಮಣ್ಣಿಗೆ ಊರಿ, ಅಲುಗಾಡದಂತೆ ಬುಡವನ್ನು ಶೂನಿಂದ ತುಳಿಯುತ್ತಿದ್ದ. ತಲೆ ಎತ್ತಿದ. "ಯಾವುದು?"

"ನೀನು ಬರ್ದಿರೋದು. ಇಲ್ಲಿ ನೋಡು."

ಊಟದ ಬಿಡುವಿನ ಹೊತ್ತು. ಶಾಲೆಯ ಅಡುಗೆಮನೆಯ ಹಿಂದೆ, ಬೇಲಿಯ ಪಕ್ಕ, ಐದನೇ ತರಗತಿಯ ಕೆಲವು ಮಕ್ಕಳು ಗುಂಪುಗೂಡಿದ್ದರು. ಹೋದ ಶುಕ್ರವಾರ ಗ್ರೇವಿಯನ್ನು ಹೂತಿದ್ದು ಅಲ್ಲೇ. ಗ್ರೇವಿ ಯಾರ ಮನೆಯ ಬೆಕ್ಕೂ ಅಲ್ಲ, ಶಾಲೆಯ ಬೆಕ್ಕು. ಅಡುಗೆಯವರು ಹಾಕುವ ಮೀನಿನ ಚೂರು ತಿಂದುಕೊಂಡು, ಬಿಸಿ ಗಾಳಿ ಬರುವ ಕಿಂಡಿಯ ಕೆಳಗೆ ಮಲಗಿಕೊಂಡು ಮುದಿಯಾದ ಕಂದು ಬೆಕ್ಕು. ಒಂದು ಬೆಳಿಗ್ಗೆ ಮಲಗಿದ್ದದ್ದು ಏಳಲೇ ಇಲ್ಲ.

ಬ್ರೋಡಿ ಶನಿವಾರ, ಭಾನುವಾರ ಎರಡೂ ದಿನ ಕೂತು ಹಲಗೆ ಮಾಡಿದ್ದ. ಬಿಳಿ ಬಣ್ಣದ ಮೇಲೆ ನೀಲಿ ಅಕ್ಷರ. 'ಗ್ರೇವಿ. ದೇರ್ ನೆವರ್ ವಾಸ್ ಸೋ ಗುಡ್ ಎ ಕ್ಯಾಟ್.' ಇಷ್ಟು ಒಳ್ಳೆಯ ಬೆಕ್ಕು ಇನ್ನೊಂದು ಇರಲೇ ಇಲ್ಲ ಎಂದು.

ರುಸ್ನೆ ಆ ಸಾಲಿನ ಕೊನೆಯಲ್ಲಿ ಬೆರಳಿಟ್ಟಳು. "'ಎ' ಮೊದಲು ಬರ್ಬೇಕು. 'ಎ ಗುಡ್ ಕ್ಯಾಟ್' ಅಂತೀವಲ್ಲ? ನೀನು 'ಗುಡ್' ಆದ್ಮೇಲೆ 'ಎ' ಹಾಕಿದ್ದೀಯ. 'ಎ ಸೋ ಗುಡ್ ಕ್ಯಾಟ್' ಅಂತ ಆಗ್ಬೇಕು."

ಬ್ರೋಡಿ ತುಟಿ ಅಲುಗಿಸುತ್ತ ಇನ್ನೊಮ್ಮೆ ಓದಿಕೊಂಡ. "ಇಲ್ಲ. ಹೀಗೇ ಅನ್ನೋದು."

"ಯಾಕೆ?"

"ಯಾಕೆ ಅಂದ್ರೆ... ಹೀಗೇ ಅನ್ನೋದು, ಅಷ್ಟೇ."

"ಅದೇನು ರೂಲ್ ಅಲ್ಲ."

ಟ್ಯಾಮ್ಸಿನ್ ಕಿಸಕ್ಕನೆ ನಕ್ಕಳು. "ಅಯ್ಯೋ ಬ್ರೋಡಿ! ಸತ್ತ ಬೆಕ್ಕಿನ ತಲೆ ಮೇಲೂ ಮಿಸ್ಟೇಕ್ ಹಾಕಿ ಇಟ್ಯಲ್ಲೋ!"

ಉಳಿದವರೂ ನಕ್ಕರು. ಡಿಕ್ಟೇಶನ್‌ನಲ್ಲಿ 'ಸಾಸರ್' ಅಂದರೆ 'ಸಾಸೇಜ್' ಬರೆದವನು ಬ್ರೋಡಿ. ಗ್ರಾಮರ್‌ನಲ್ಲಿ ರುಸ್ನೆ ಹೇಳಿದ ಮೇಲೆ ಮುಗಿಯಿತು, ತರಗತಿಯಲ್ಲಿ ಎದುರು ಮಾತಿಲ್ಲ.

ಬ್ರೋಡಿಯ ಕಿವಿ ಕೆಂಪಾಯಿತು. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಮಣ್ಣು ಮೆತ್ತಿದ ಹಲಗೆಯನ್ನು ಜಾಕೆಟ್ಟಿಗೆ ಅವುಚಿಕೊಂಡು, ಯಾರನ್ನೂ ನೋಡದೆ ಹೊರಟುಹೋದ.

"ಬ್ರೋಡಿ, ತಿದ್ದಿದ್ರೆ ಸಾಕಿತ್ತು!" ಎಂದು ರುಸ್ನೆ ಕೂಗಿದಳು. ಅವನು ತಿರುಗಲಿಲ್ಲ.

ಮಧ್ಯಾಹ್ನವೆಲ್ಲ ಅವಳಿಗೆ ಪಾಠ ತಲೆಗೆ ಹೋಗಲಿಲ್ಲ. ಅವಳೇನು ಅವನನ್ನು ಗೇಲಿ ಮಾಡಬೇಕೆಂದು ಹೇಳಿದ್ದಲ್ಲ. ತಪ್ಪು ಬರೆದ ಹಲಗೆ ಮಳೆ ಬಿಸಿಲಿಗೆ ವರ್ಷಗಟ್ಟಲೆ ನಿಂತಿರುತ್ತದಲ್ಲ ಎಂದು ಹೇಳಿದ್ದು. ತಪ್ಪು ಮಾತಾಡಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಲಿಥುವೇನಿಯಾದಿಂದ ಅಮ್ಮನ ಜೊತೆ ಇಂಗ್ಲೆಂಡಿನ ಈ ಸ್ಪಾಲ್ಡಿಂಗ್ ಊರಿಗೆ ಬಂದಾಗ ರುಸ್ನೆಗೆ ಎಂಟು ವರ್ಷ. ಅವಳ ಭಾಷೆಯಲ್ಲಿ 'ಎ' ಅನ್ನುವುದೇ ಇಲ್ಲ. ಹಾಗಾಗಿ ಇಂಗ್ಲಿಷಿನಲ್ಲೂ ಅದನ್ನು ಬಿಟ್ಟೇ ಮಾತಾಡುತ್ತಿದ್ದಳು. 'ಐ ಹ್ಯಾವ್ ಪೆನ್ಸಿಲ್' ಎಂದರೆ ಸಾಕು, ಹಿಂದಿನ ಬೆಂಚಿನಿಂದ "ಎ! ಎ! ಎ!" ಎಂದು ಮೇಕೆಯ ಹಾಗೆ ಕೂಗುತ್ತಿದ್ದರು. ಪಿಂಡರ್ ಮಿಸ್ ಆಗ ಒಂದು ರೈಲಿನ ಚಿತ್ರ ಬರೆದುಕೊಟ್ಟಿದ್ದರು. ಎಂಜಿನ್ ಮೇಲೆ 'ಎ', ನಡುವಿನ ಡಬ್ಬಿಯಲ್ಲಿ 'ಬಿಗ್', ಕೊನೆಯ ಡಬ್ಬಿಯಲ್ಲಿ 'ಡಾಗ್'. ಎಂಜಿನ್ ಯಾವತ್ತೂ ಮುಂದೆ. ಆ ರೈಲು ಹಿಡಿದ ಮೇಲೆ ಅವಳು ಒಂದು ಸಲವೂ ತಪ್ಪಿರಲಿಲ್ಲ.

ಆ ಮೇಕೆ ಕೂಗಿನಲ್ಲಿ ಬ್ರೋಡಿಯ ದನಿ ಮಾತ್ರ ಇರುತ್ತಿರಲಿಲ್ಲ. ಅದು ಅವಳಿಗೆ ಈಗ ನೆನಪಾಯಿತು.

ಸಂಜೆ ಮನೆಗೆ ಬಂದರೆ ಹಿತ್ತಿಲಲ್ಲಿ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ಎಲೆಕೋಸು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಬೇಲಿಯಾಚೆ ಪಕ್ಕದ ಮನೆಯ ಮಿಸೆಸ್ ಪೆಲ್ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಟೀ ಕುಡಿಯುತ್ತಿದ್ದರು.

"ಬಾ ಬಾತುಮರಿ," ಎಂದರು ಮಿಸೆಸ್ ಪೆಲ್. ಆ ಊರಿನ ಹೆಂಗಸರಿಗೆ ಯಾರ ಮಕ್ಕಳಾದರೂ ಬಾತುಮರಿಗಳೇ. "ಒಳಗೆ ಹೋಗಿ ಟಿವಿ ಮುಂದೆ ಕೂತೀಯ ಮತ್ತೆ. ಇಟ್ಸ್ ಟೂ ನೈಸ್ ಎ ಡೇ! ಒಳಗಿರೋ ದಿನಾನಾ ಇದು?"

ರುಸ್ನೆ ನಿಂತಲ್ಲೇ ನಿಂತಳು.

"ಏನಂದ್ರಿ?"

"ಒಳಗೆ ಹೋಗ್ಬೇಡ ಅಂದೆ."

"ಅಲ್ಲ, ಅದಕ್ಕಿಂತ ಮುಂಚೆ. 'ಟೂ ನೈಸ್ ಎ ಡೇ' ಅಂದ್ರಿ. 'ಎ' ಯಾಕೆ ಹಿಂದೆ ಹೋಯ್ತು?"

ಮಿಸೆಸ್ ಪೆಲ್ ಟೀ ಕಪ್ಪನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ಯಾಕೆ ಅಂದ್ರೆ? ಹಾಗೇ ಅನ್ನೋದಮ್ಮ. 'ಎ ಟೂ ನೈಸ್ ಡೇ' ಅಂತ ಯಾರಾದ್ರೂ ಅಂತಾರಾ? ಕೇಳೋಕೇ ಏನೋ ಥರ ಇರುತ್ತೆ."

ಹಾಗೇ ಅನ್ನೋದು. ಬ್ರೋಡಿಯೂ ಇದನ್ನೇ ಹೇಳಿದ್ದ. ರುಸ್ನೆಯ ಮುಖ ಬಿಸಿಯಾಯಿತು.

"ಏನಂತೆ?" ಎಂದು ಅಮ್ಮ ತಮ್ಮ ಭಾಷೆಯಲ್ಲಿ ಕೇಳಿದಳು. ರುಸ್ನೆ ಹೇಳಿದಳು. ಅಮ್ಮ ಬಾಯಲ್ಲಿದ್ದ ಕ್ಲಿಪ್ ತೆಗೆದು, "ಆ 'ಎ' ಇವರಿಗೆ ಯಾಕಾದ್ರೂ ಬೇಕೋ! ಅದಿಲ್ಲದೆ ನಮಗೇನು ಕಡಿಮೆಯಾಗಿದೆ?" ಎಂದು ಇನ್ನೊಂದು ಅಂಗಿ ಕೊಡವಿದಳು. ರುಸ್ನೆಗೆ ನಗು ಬರಲಿಲ್ಲ.

ಮರುದಿನ ಬೆಲ್ ಹೊಡೆಯುವ ಮುಂಚೆಯೇ ಅವಳು ಪಿಂಡರ್ ಮಿಸ್ ಮೇಜಿನ ಮುಂದೆ ನಿಂತಿದ್ದಳು.

"ಮಿಸ್, 'ಸೋ ಗುಡ್ ಎ ಕ್ಯಾಟ್' ಸರೀನಾ?"

"ಸರಿ."

"ಮತ್ತೆ ಎಂಜಿನ್?"

ಮಿಸ್‌ಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನಕ್ಕರು. "ಓ, ಆ ರೈಲಾ! 'ಸೋ', 'ಟೂ', 'ಹೌ' ಇಂಥವು ಬಂದಾಗ 'ಗುಡ್', 'ಬಿಗ್' ಎಲ್ಲ ಅವುಗಳ ಬೆನ್ನಿಗೆ ಅಂಟಿಕೊಂಡು ಮುಂದೆ ಹೋಗ್ಬಿಡ್ತವೆ. 'ಸೋ ಗುಡ್', 'ಟೂ ಬಿಗ್', 'ಹೌ ಲಾಂಗ್'. ಆಗ 'ಎ' ಅವುಗಳ ಹಿಂದೆ ಬರುತ್ತೆ."

"ನೀವು ಯಾವತ್ತೂ ಮುಂದೆ ಅಂದಿದ್ರಿ."

"ಅಂದಿದ್ದೆ." ಮಿಸ್ ನಗು ನಿಲ್ಲಿಸಿದರು. "ಆಗ ನಿನಗೆ ಅಷ್ಟು ಸಾಕು ಅಂದ್ಕೊಂಡೆ. ಉಳಿದದ್ದು ಆಮೇಲೆ ಹೇಳ್ಬೇಕಿತ್ತು, ಮರೆತೇಬಿಟ್ಟೆ. ಯಾಕೆ, ಏನಾಯ್ತು?"

"ಏನಿಲ್ಲ ಮಿಸ್."

ಊಟದ ಬಿಡುವಿನಲ್ಲಿ ಬೇಲಿಯ ಹತ್ತಿರ ಹೋದಾಗ ಬ್ರೋಡಿ ಮತ್ತೆ ಹಲಗೆ ಊರುತ್ತಿದ್ದ. ಟ್ಯಾಮ್ಸಿನ್ ಮತ್ತು ಅವಳ ಗೆಳತಿಯರು ಅಲ್ಲೇ ಇದ್ದರು. ಇವತ್ತು ಏನು ತಪ್ಪಿದೆಯೋ ನೋಡೋಣ ಎಂದು ಬಂದಿರಬೇಕು.

ಹಲಗೆಯಲ್ಲಿ ತಪ್ಪೇನೂ ಇರಲಿಲ್ಲ. 'ಗ್ರೇವಿ' ಎಂಬ ಹೆಸರು ಮಾತ್ರ ಇತ್ತು. ಅದರ ಕೆಳಗೆ ದಪ್ಪನೆಯ ಬಿಳಿ ಬಣ್ಣ. ಆ ಬಿಳಿಯ ಅಡಿಯಲ್ಲಿ ನೀಲಿ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

ರುಸ್ನೆ ಹಲಗೆಯ ಹತ್ತಿರ ಹೋದಳು. ಬ್ರೋಡಿಯನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ನಿನ್ನೆ ಅವಳು ಪಕ್ಕಕ್ಕೆ ಕರೆದು ಹೇಳಿರಲಿಲ್ಲವಲ್ಲ.

"ನಿನ್ನೆ ಬ್ರೋಡಿ ಬರೆದದ್ದೇ ಸರಿ," ಎಂದಳು ಎಲ್ಲರಿಗೂ ಕೇಳುವಂತೆ. "ನಾನು ಹೇಳಿದ್ದು ತಪ್ಪು. ಪಿಂಡರ್ ಮಿಸ್‌ನ ಕೇಳಿದೆ."

"ನೀನು ತಪ್ಪಾ?" ಟ್ಯಾಮ್ಸಿನ್ ಕಣ್ಣರಳಿಸಿದಳು. "ಎ! ಎ! ಎ!" ಎಂದು ಯಾರೋ ಹಳೆಯ ಮೇಕೆ ಕೂಗು ತೆಗೆದರು. ರುಸ್ನೆ ಕೈ ಕಟ್ಟಿಕೊಂಡು ನಿಂತಳು. ಹಲಗೆಯಲ್ಲಿ ನೋಡುವಂಥದ್ದು ಏನೂ ಇಲ್ಲದ್ದರಿಂದ ಸ್ವಲ್ಪ ಹೊತ್ತಿಗೆ ಅವರೆಲ್ಲ ಆಟಕ್ಕೆ ಓಡಿದರು.

ಬ್ರೋಡಿ ಮಣ್ಣು ತುಳಿಯುತ್ತಲೇ ಇದ್ದ. "ಸರಿ ಅಂತ ನಂಗೆ ಗೊತ್ತಿತ್ತು," ಎಂದ ತಲೆ ಎತ್ತದೆ.

"ಮತ್ಯಾಕೆ ಅಳಿಸಿದೆ?"

"ನೀನು ಹೇಳಿದ್ಯಲ್ಲ. ನಿಂಗೆ ಯಾವಾಗ್ಲೂ ಹತ್ತಕ್ಕೆ ಹತ್ತು. ನಂಗೆ ಗೊತ್ತಿರೋದೇ ತಪ್ಪಿರ್ಬೇಕು ಅನ್ನಿಸ್ತು."

ರುಸ್ನೆ ಬಗ್ಗಿ, ಅವನು ತುಳಿದ ಮಣ್ಣನ್ನು ಇನ್ನೊಂದು ಬದಿಯಿಂದ ಕೈಯಲ್ಲಿ ಒತ್ತಿದಳು. "ಮತ್ತೆ ಬರಿ," ಎಂದಳು. "ಪ್ಲೀಸ್."

ಬ್ರೋಡಿ ಕೂಡಲೇ ಒಪ್ಪಲಿಲ್ಲ. ಬೇಲಿಯ ಎಲೆ ಕಿತ್ತ, ಚೂರು ಮಾಡಿದ, ಎಸೆದ. ಆಮೇಲೆ ಜಾಕೆಟ್ಟಿನ ಜೇಬಿನಿಂದ ನೀಲಿ ಮಾರ್ಕರ್ ತೆಗೆದು ಹಲಗೆಯ ಮುಂದೆ ಮಂಡಿಯೂರಿದ. ಮುಚ್ಚಳ ಬಿಚ್ಚಿದವನು ಬರೆಯದೆ ಸುಮ್ಮನಾದ. ಮನೆಯಲ್ಲಿ ಬರೆದಾಗ ಅವನ ಅಕ್ಕ ಪಕ್ಕದಲ್ಲೇ ಕೂತು ಸ್ಪೆಲಿಂಗ್ ಹೇಳಿದ್ದಳು.

"ದೇರ್..." ಎಂದ. ಅಷ್ಟರಲ್ಲಿ ಟ್ಯಾಮ್ಸಿನ್ ಚೆಂಡು ಹುಡುಕಿಕೊಂಡು ಅತ್ತಲೇ ಓಡಿಬರುತ್ತಿದ್ದಳು. ಅವನು ಬಾಯಿ ಮುಚ್ಚಿದ.

ರುಸ್ನೆ ಅವನ ಪಕ್ಕ ಮಂಡಿಯೂರಿದಳು. ಶೂ ಲೇಸ್ ಕಟ್ಟುವವಳ ಹಾಗೆ ತಲೆ ಬಗ್ಗಿಸಿ, ಅವನ ಕಿವಿಗಷ್ಟೇ ಕೇಳುವಂತೆ, ಒಂದೊಂದೇ ಅಕ್ಷರ ಹೇಳತೊಡಗಿದಳು.