ಹವಳದ ಬಣ್ಣದ ಗೆರೆ

ತನ್ನ ಕಾರಿನ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿಕೊಂಡಿರುವುದನ್ನು ಕಂಡು ಇಲೋನಾ ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

ಗೋಡೆಗೆ ಒರಗಿದ್ದ ಕಬ್ಬಿಣದ ಸಲಾಕೆ ಕೈಗೆ ಬಂತು.

"ಯಾರದು? ಹೊರಗೆ ಬನ್ನಿ."

ಕಾಲುಗಳು ಅಲುಗಲಿಲ್ಲ. ದನಿ ಮಾತ್ರ ಬಂತು. "ಒಂದ್ನಿಮಿಷ. ಈಗ ಬಂದ್ರೆ ಬ್ರೇಕ್ ಆಯಿಲ್ ಮುಖದ ಮೇಲೆ ಬೀಳುತ್ತೆ."

"ಬೀಳಲಿ."

ಕೆಳಗೆ ಸಣ್ಣದೊಂದು ನಗು. ಆಮೇಲೆ ಉದ್ದನೆಯ ಆಳೊಬ್ಬ ತೆವಳಿಕೊಂಡು ಹೊರಬಂದ. ಕಿವಿಯ ಬಳಿ ಒಂದೆರಡು ನರೆಗೂದಲು, ಹಣೆಯ ಮೇಲೆ ಮಸಿ. ಸಲಾಕೆಯನ್ನು ನೋಡಿ ಎರಡೂ ಕೈ ಮೇಲೆತ್ತಿದ.

"ವೇಡ್ ಟಾಲ್ಮನ್. ಈ ಪಕ್ಕದ ಅರ್ಧ ಗ್ಯಾರೇಜು ಬಾಡಿಗೆಗೆ ತಗೊಂಡಿದ್ದೀನಿ. ನಿಮ್ಮ ಕಾರಿಂದ ಆಯಿಲ್ ಸೋರಿ ನನ್ನ ಕಡೆ ಹರೀತಿತ್ತು. ಒಂದು ತಟ್ಟೆ ಇಟ್ಟೆ, ಅಷ್ಟೆ. ಮಾರ್ಗಿತ್ ಅವರು ಹೇಳಿಲ್ವಾ?"

ಗ್ಯಾರೇಜಿನ ಒಡತಿ, ಅವಳ ಸೋದರತ್ತೆ ಮಾರ್ಗಿತ್, ಹೇಳಿರಲಿಲ್ಲ.

ಇಲೋನಾ ಅವನನ್ನು ದಾಟಿ ಕಾರಿನಡಿ ಬಗ್ಗಿ ಟಾರ್ಚು ಬಿಟ್ಟಳು. ಒಂದೊಂದೇ ಬೋಲ್ಟಿನ ಮೇಲೆ ಬೆಳಕು ಸರಿಯಿತು. ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹವಳದ ಬಣ್ಣದ ಒಂದು ತೆಳು ಗೆರೆ. ಎಲ್ಲವೂ ನೆಟ್ಟಗಿದ್ದವು.

"ಆ ಗೆರೆ ನೀವು ಎಳೆದಿದ್ದಾ?" ವೇಡ್ ಕೇಳಿದ. "ಉಗುರಿನ ಬಣ್ಣ?"

"ಹೌದು. ಬೋಲ್ಟು ಕೂದಲೆಳೆಯಷ್ಟು ತಿರುಗಿದ್ರೂ ಗೆರೆ ಒಡೆಯುತ್ತೆ. ಯಾರು ಕೈ ಹಾಕಿದ್ರೂ ನನಗೆ ಗೊತ್ತಾಗುತ್ತೆ."

ಅವನ ನೋಟ ಅವಳ ಬೆರಳುಗಳ ಮೇಲೆ ಹೋಯಿತು. ಉಗುರುಗಳಿಗೆ ಯಾವ ಬಣ್ಣವೂ ಇರಲಿಲ್ಲ.

"ಒಳ್ಳೆ ಅಭ್ಯಾಸ," ಎಂದ. ಅಷ್ಟು ಹೇಳುವಾಗ ಅವನ ಮುಖ ಯಾಕೋ ಬಾಡಿತು.

ಇಲೋನಾ ಅದನ್ನು ಗಮನಿಸಿದಳು. ಅವಳು ಎಲ್ಲವನ್ನೂ ಗಮನಿಸುತ್ತಿದ್ದಳು.

ಬೋಲ್ಟಿನ ಮಾತಿಗೆ ಇವನ ಮುಖ ಯಾಕೆ ಬಾಡಬೇಕು?

* * *

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೇ ಹೇಳಲಿಲ್ಲ," ಎಂದರು ಮಾರ್ಗಿತ್ ಅತ್ತೆ, ಕೋಳಿ ಸಾರಿಗೆ ಕೆಂಪು ಮೆಣಸಿನ ಪುಡಿ ಸುರಿಯುತ್ತ. "ಒಳ್ಳೆ ಮನುಷ್ಯ ಕಣೆ. ಬಂದ ದಿನವೇ ನನ್ನ ಹಿತ್ತಿಲ ಮೆಟ್ಟಿಲು ರಿಪೇರಿ ಮಾಡಿಕೊಟ್ಟ."

"ಬ್ರೆಂಟ್ ಕೂಡ ನಿಮ್ಮ ಬೇಲಿ ರಿಪೇರಿ ಮಾಡಿದ್ದ."

"ಆ ಬೇಲಿ ಮೊದಲ ಗಾಳಿಗೇ ಬಿತ್ತು. ಮೆಟ್ಟಿಲು ನಿಂತಿದೆ."

ಬ್ರೆಂಟ್‌ನನ್ನು ಮದುವೆಯಾಗುವವಳಿದ್ದಳು ಇಲೋನಾ. ಅವನು ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವಾಗ ವರ್ಷಗಟ್ಟಲೆ ಬೇಲಿಯಾಚೆ ನಿಂತು ಸಮಯ ಅಳೆಯುವ ಗಡಿಯಾರ ಹಿಡಿದವಳು. ತಾಯಿಯ ಕೊನೆಯ ದಿನಗಳಲ್ಲಿ ಅವಳು ಆಸ್ಪತ್ರೆಯಲ್ಲಿದ್ದಾಗ, ಬ್ರೆಂಟ್ ಅವಳದೇ ಕಾರಿನ ಎಂಜಿನ್ ಬಿಚ್ಚಿ ಮಾರಿಕೊಂಡಿದ್ದ. ತಾಯಿಯನ್ನು ಮಣ್ಣು ಮಾಡಿ ಬಂದು ಬಾನೆಟ್ ಎತ್ತಿದರೆ ಒಳಗೆ ಏನೂ ಇರಲಿಲ್ಲ. ಬರೀ ಹಳ್ಳ.

ಆ ಹಳ್ಳ ಅವಳೊಳಗೆ ಇನ್ನೂ ತುಂಬಿರಲಿಲ್ಲ.

ಈಗಿನ ಈ ಕಾರು, ಎಪ್ಪತ್ತರ ಇಸವಿಯ ಪ್ಲಿಮತ್ ಡಸ್ಟರ್, ಅವಳು ಒಬ್ಬಳೇ ಕಟ್ಟುತ್ತಿದ್ದದ್ದು. ನೆಟ್ಟಗಿನ ಹೆದ್ದಾರಿಯಲ್ಲಿ ಗುಡುಗುತ್ತ ಓಡಲೆಂದು ಹುಟ್ಟಿದ ಆ ಗಾಡಿಗೆ ತಿರುವು ಕಲಿಸಬೇಕಿತ್ತು. ಗಡುಸಾದ ಸ್ಪ್ರಿಂಗು, ಹೊಸ ಡಿಸ್ಕ್ ಬ್ರೇಕು, ರಸ್ತೆಗೆ ಅಂಟಿನಂತೆ ಕಚ್ಚುವ ಅಗಲ ಟೈರು. ಮಾರ್ಚಿನ ಕೊನೆಯ ಭಾನುವಾರ ಟ್ರ್ಯಾಕು ತೆರೆಯುತ್ತದೆ. ಅಂದು ಗಡಿಯಾರ ಬೇರೆಯವರ ಕೈಯಲ್ಲಿ, ಸ್ಟೇರಿಂಗು ತನ್ನ ಕೈಯಲ್ಲಿ... ಅದೊಂದೇ ಅವಳ ಆಸೆ.

ಪಕ್ಕದಲ್ಲಿ ಅಪರಿಚಿತನೊಬ್ಬ ಬಂದು ಕೂತರೆ ಆಸೆಗೂ ನಿದ್ದೆ ಬರುವುದಿಲ್ಲ.

ಸ್ಪ್ಯಾನರುಗಳನ್ನು ಅವಳು ಓರೆಯಾಗಿಟ್ಟು ಹೋಗುತ್ತಿದ್ದಳು, ಯಾರಾದರೂ ಮುಟ್ಟಿದರೆ ತಿಳಿಯಲೆಂದು.

"ನಿಮ್ಮ ಸ್ಪ್ಯಾನರ್ ತಗೊಂಡಿದ್ದೆ. ವಾಪಸ್ ಇಟ್ಟೆ," ಎಂದ ಒಂದು ದಿನ ವೇಡ್.

"ಗೊತ್ತು. ತಲೆ ಬಾಗಿಲ ಕಡೆಗಿತ್ತು. ಈಗ ಗೋಡೆ ಕಡೆಗಿದೆ."

"ನೀವು ಪೊಲೀಸಾ?"

"ನಗರದ ನೀರಿನ ಘಟಕದಲ್ಲಿ ನೀರು ಪರೀಕ್ಷೆ ಮಾಡ್ತೀನಿ."

"ಅಂದ್ರೆ ಕುಡಿಯೋ ನೀರನ್ನೂ ನಂಬಲ್ಲ."

"ನಾನು ನಂಬಲ್ಲ ಅಂತಲೇ ಈ ಟೊಲೀಡೊ ಊರು ನೆಮ್ಮದಿಯಾಗಿ ಕುಡೀತಿದೆ."

ಅವನು ಬಾಯ್ತುಂಬ ನಕ್ಕ. ತಾನೂ ನಕ್ಕದ್ದು ಇಲೋನಾಳಿಗೆ ಮನೆಗೆ ಹೋಗುವ ದಾರಿಯಲ್ಲಿ ನೆನಪಾಗಿ ಗಾಬರಿಯಾಯಿತು.

ಮೆಲ್ಲಗೆ ಅವನು ಅವಳ ಕಡೆಗೂ ಬರತೊಡಗಿದ. ಕೇಳದೆ ಏನನ್ನೂ ಮುಟ್ಟುತ್ತಿರಲಿಲ್ಲ. ಬ್ರೇಕಿನ ಸೋರಿಕೆ ಎಲ್ಲಿದೆಯೆಂದು ಬೆರಳು ತೋರಿಸಿ, ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದ. ಮುಚ್ಚಿಹೋದ ಮಾಲ್ ಒಂದರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಕಾರನ್ನು ಮೊದಲ ಸಲ ಓಡಿಸಿದ ಶನಿವಾರ, ಕಿತ್ತಳೆ ಬಣ್ಣದ ಕೋನುಗಳನ್ನು ಸಾಲಾಗಿ ಇಟ್ಟವನು ಅವನೇ. ಅವಳು ಅವುಗಳ ನಡುವೆ ಹಾವಿನಂತೆ ಸುತ್ತಿ ಬಂದು ನಿಂತಳು.

ಅವನು ಕಿಟಕಿಯಲ್ಲಿ ಬಗ್ಗಿದ. "ಹೇಗಿತ್ತು?"

"ಬಲಗಡೆ ತಿರುಗಿಸುವಾಗ ಸ್ವಲ್ಪ ತಡವಾಗಿ ಕೇಳುತ್ತೆ, ವೇಡ್. ಆದ್ರೆ... ನೀನು ನೋಡಿದೆಯಾ?"

'ನೀವು' ಎಲ್ಲಿ ಬಿದ್ದುಹೋಯಿತೋ ಇಬ್ಬರೂ ಹುಡುಕಲಿಲ್ಲ.

"ನೋಡಿದೆ," ಎಂದ ಅವನು. ನೋಡಿದ್ದು ಕಾರನ್ನಲ್ಲ. ಅದನ್ನು ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

* * *

ಸೋಮವಾರ ಹಳೆ ಬಿಡಿಭಾಗ ಮಾರುವ ಗಸ್‌ನ ಅಂಗಡಿಗೆ ಹೋದಳು.

"ನಿನ್ನ ಪಕ್ಕದಲ್ಲಿ ಟಾಲ್ಮನ್ ಬಂದಿದ್ದಾನಂತೆ?" ಗಸ್ ಹಲ್ಲುಕಡ್ಡಿ ಕಚ್ಚುತ್ತ ಕೇಳಿದ. "ಹುಷಾರಮ್ಮ. ಪಕ್ಕದ ರಾಜ್ಯ ಇಂಡಿಯಾನಾದಲ್ಲಿ ಅವನು ರೇಸಿಗೆ ಸಿದ್ಧ ಮಾಡಿದ ಕಾರು ಗೋಡೆಗೆ ಹೊಡೀತು. ಓಡಿಸ್ತಿದ್ದ ಹುಡುಗನ ಸೊಂಟ ಮುರೀತು. ಸ್ಟೇರಿಂಗ್ ಬೋಲ್ಟು ಸಡಿಲ ಇತ್ತಂತೆ."

"ಯಾರು ಹೇಳಿದ್ದು?"

"ಎಲ್ಲರೂ. ಅವನೂ ಇಲ್ಲ ಅನ್ನಲಿಲ್ಲವಂತೆ."

ಅಂದು ವೇಡ್‌ನ ಮುಖ ಬಾಡಿದ್ದು ಇದಕ್ಕೇ.

ನೇರವಾಗಿ ಗ್ಯಾರೇಜಿಗೆ ಬಂದು ಕಾರಿನಡಿ ನುಸುಳಿದಳು. ಮುಂದಿನ ಚಕ್ರ, ಬ್ರೇಕು... ಸರಿಯಾಗಿದೆ. ಟಾರ್ಚಿನ ಬೆಳಕು ಚಕ್ರಗಳನ್ನು ತಿರುಗಿಸುವ ಸ್ಟೇರಿಂಗ್ ಬಾಕ್ಸಿನ ಮೇಲೆ ಬಿತ್ತು.

ಗೆರೆಗಳು ಒಡೆದಿದ್ದವು. ಬೋಲ್ಟಿನ ಮೇಲಿನ ಅರ್ಧ ಒಂದು ಕಡೆ, ಲೋಹದ ಮೇಲಿನ ಅರ್ಧ ಇನ್ನೊಂದು ಕಡೆ.

ವೇಡ್ ಕಾಫಿ ಹಿಡಿದು ಒಳಗೆ ಬಂದಾಗ ಅವಳು ಎದ್ದು ನಿಂತಿದ್ದಳು.

"ಸ್ಟೇರಿಂಗ್ ಬೋಲ್ಟು ಮುಟ್ಟಿದೆಯಾ?"

"ಇಲ್ಲ."

"ಗೆರೆ ಒಡೆದಿದೆ. ಈ ಗ್ಯಾರೇಜಿನ ಬೀಗದ ಕೈ ನಮ್ಮಿಬ್ಬರ ಹತ್ತಿರ ಮಾತ್ರ ಇದೆ."

"ನಾನು ಮುಟ್ಟಿಲ್ಲ, ಇಲೋನಾ."

"ಇಂಡಿಯಾನಾದಲ್ಲೂ ಇದನ್ನೇ ಹೇಳಿದ್ಯಾ?"

ಆ ಮಾತು ಬಾಯಿಂದ ಹೊರಟ ಮೇಲೆ ಅದನ್ನು ಹಿಡಿಯಲು ಆಗಲಿಲ್ಲ. ಕಾಫಿಯ ಲೋಟ ಮೇಜಿನ ಮೇಲೆ ಕೂತಿತು. ಅವನು ತನ್ನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಒಂದು ಮಾತಾದರೂ ಆಡಲಿ, ಜಗಳವಾದರೂ ಆಡಲಿ ಎಂದು ಅವಳು ಕಾದಳು. ಅವನು ಆಡಲಿಲ್ಲ.

ತಪ್ಪು ಮಾಡದವನು ಹೀಗೆ ಸುಮ್ಮನಿರುತ್ತಾನಾ?

ಬಾಗಿಲಲ್ಲಿ ಒಮ್ಮೆ ತಿರುಗಿದ. "ಭಾನುವಾರ ಓಡಿಸಬೇಡ. ಬೋಲ್ಟು ತಾನಾಗಿ ತಿರುಗಿದ್ರೆ ಅದರ ತಪ್ಪಲ್ಲ. ಅದು ಕಚ್ಚಿಕೊಂಡಿರೋ ಲೋಹ ನೋಡು."

"ನೆಪ ಹೇಳೋದು ನನಗೆ ಹೊಸದಲ್ಲ."

ಅವನ ಬೀಗದ ಕೈ ಮೇಜಿನ ಮೇಲೆ ಉಳಿಯಿತು.

* * *

ಇಲೋನಾ ಹೊಸ ಬೀಗ ಹಾಕಿದಳು. ಬೋಲ್ಟುಗಳನ್ನು, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರು 'ಟಕ್' ಎನ್ನುವವರೆಗೆ ಬಿಗಿದಳು. ಹೊಸ ಗೆರೆ ಎಳೆದಳು. ಅತ್ತೆ ಕೇಳಿದ್ದಕ್ಕೆ, "ಹೋದ," ಎಂದಳು.

"ಹೋದನಾ, ಕಳಿಸಿದೆಯಾ?"

ಇಲೋನಾ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋದಳು.

ಶುಕ್ರವಾರ ರಜೆ ಹಾಕಿ ಹೊರಟಳು. ಹೊರಡುವ ಮುನ್ನ ನೋಡಿದಳು, ಗೆರೆಗಳು ನೆಟ್ಟಗಿದ್ದವು. ಖಾಲಿ ಪಾರ್ಕಿಂಗಿನಲ್ಲಿ ಕೋನುಗಳನ್ನು ತಾನೇ ಇಟ್ಟಳು. ಈ ಸಲ ಹೆಚ್ಚು ವೇಗ, ಹೆಚ್ಚು ಬಿಗಿ ತಿರುವು. ಬಲಕ್ಕೆ ತಿರುಗಿಸುವಾಗ ಮತ್ತೆ ಅದೇ ತಡ... ಜೊತೆಗೆ ಒಂದು ಸಣ್ಣ ಕಟಕ್.

ಅಲ್ಲೇ ನಿಲ್ಲಿಸಿ, ಜಾಕ್ ಹಾಕಿ, ತಣ್ಣನೆಯ ಡಾಂಬರಿನ ಮೇಲೆ ಅಂಗಾತ ಮಲಗಿ ಟಾರ್ಚು ಬಿಟ್ಟಳು.

ಗೆರೆ ಒಡೆದಿತ್ತು.

ತಲೆ ಹೊರಗೆ ಹಾಕಿ ಸುತ್ತ ನೋಡಿದಳು. ಸರೋವರದ ಕಡೆಯಿಂದ ಬಂದ ಬಿಳಿ ಹಕ್ಕಿಗಳು ಅಷ್ಟು ದೂರದಲ್ಲಿ ಏನನ್ನೋ ಕುಕ್ಕುತ್ತಿದ್ದವು. ಒಂದು ನರಪಿಳ್ಳೆಯೂ ಇರಲಿಲ್ಲ.

ಯಾರನ್ನು ಶಂಕಿಸುವುದು ಈಗ?

ಬಾಡಿಗೆ ಟ್ರೈಲರು ತರಿಸಿ, ಕಾರನ್ನು ಅದಕ್ಕೆ ಏರಿಸಿ ಗ್ಯಾರೇಜಿಗೆ ತಂದಳು. ಸ್ಟೇರಿಂಗ್ ಬಾಕ್ಸನ್ನು ಹೊತ್ತ ಅಡ್ಡತೊಲೆಯ ಮೇಲೆ ಐವತ್ತು ವರ್ಷದ ಕೊಳೆ, ಡಾಂಬರಿನ ಲೇಪ. ಕೆರೆದಳು. ತಂತಿ ಬ್ರಷ್ಷಿನಿಂದ ಉಜ್ಜಿದಳು. ಕಪ್ಪಿನಡಿಯಿಂದ ತುಕ್ಕಿನ ಬಣ್ಣದ ಒಂದು ಬಿರುಕು ಎದ್ದು ಬಂತು, ಬೋಲ್ಟಿನ ತೂತಿನಿಂದ ಶುರುವಾಗಿ ತೊಲೆಯ ಅಂಚಿನವರೆಗೆ. ಹಿಡಿತವಿಲ್ಲದ ಹಳೆಯ ಟೈರುಗಳಿದ್ದಾಗ ಅದು ಹೇಗೋ ತಡೆದುಕೊಂಡಿತ್ತು. ಹೊಸ ಟೈರು ರಸ್ತೆಯನ್ನು ಕಚ್ಚಿದಾಗಲೆಲ್ಲ ಬಾಯಿ ಬಿಟ್ಟು ಬೋಲ್ಟನ್ನೂ ತಿರುಗಿಸುತ್ತಿತ್ತು.

ಭಾನುವಾರ ಟ್ರ್ಯಾಕಿನ ವೇಗದಲ್ಲಿ ಇದು ಕಿತ್ತು ಬಂದಿದ್ದರೆ...

ಬ್ರಷ್ಷು ಕೆಳಗಿಟ್ಟಳು. ಅವನು ಹೇಳಿದ್ದ. ಹೊರಗೆ ದಬ್ಬುತ್ತಿದ್ದವಳಿಗೆ ಅವನು ಹೇಳಿ ಹೋಗಿದ್ದ.

* * *

ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನ ಸಭಾಂಗಣದಲ್ಲಿ ಇಡೀ ಕೇರಿಗೆ ಮೀನಿನೂಟ. ಮಾರ್ಗಿತ್ ಅತ್ತೆ ಸೌಟು ಹಿಡಿದು ನಿಂತಿದ್ದರು. ಎಣ್ಣೆ ಮೆತ್ತಿದ ಅಂಗಿಯಲ್ಲೇ ಒಳನುಗ್ಗಿದ ಸೋದರಸೊಸೆಯನ್ನು ಕಂಡು, ಕೇಳುವ ಮೊದಲೇ ಸೌಟಿನಿಂದ ಮೂಲೆ ತೋರಿಸಿದರು.

"ಅಲ್ಲಿ ಕೂತಿದ್ದಾನೆ. ತಟ್ಟೆ ತಗೊಂಡು ಹೋಗು. ಬರಿಗೈಲಿ ಕ್ಷಮೆ ಕೇಳಬಾರದು."

ವೇಡ್ ಗೋಡೆಗೆ ಬೆನ್ನು ಕೊಟ್ಟು ಒಬ್ಬನೇ ಕೂತಿದ್ದ. ಪಕ್ಕದ ಮೇಜಿನಲ್ಲಿ ಗಸ್. ಇಲೋನಾ ಕರಿದ ಮೀನು, ಎಲೆಕೋಸಿನ ನೂಡಲ್ಸಿನ ತಟ್ಟೆಯನ್ನು ಅವನ ಮುಂದಿಟ್ಟಳು.

"ನನ್ನ ಹತ್ತಿರ ಆಗಲೇ ಒಂದು ತಟ್ಟೆ ಇದೆ," ಎಂದ ವೇಡ್.

"ಎರಡು ತಿನ್ನು. ಅಡ್ಡತೊಲೆ ಬಿರುಕು ಬಿಟ್ಟಿದೆ." ಗಸ್‌ಗೂ ಕೇಳಲಿ ಎಂದು ದನಿ ಎತ್ತಿದಳು. "ಊರಲ್ಲಿ ಯಾರೂ ಇಲ್ಲದ ಕಡೆ ಬೋಲ್ಟು ತಾನಾಗಿ ತಿರುಗಿತು. ನೀನು ಮುಟ್ಟಿರಲಿಲ್ಲ. ನಾನು ತಪ್ಪು ಮಾತಾಡಿದೆ."

ಗಸ್ ಮೀನಿನ ಮುಳ್ಳು ಹುಡುಕುವುದರಲ್ಲಿ ಮಗ್ನನಾದ.

ಅವಳು ಎದುರು ಕೂತು ದನಿ ತಗ್ಗಿಸಿದಳು. "ಇಂಡಿಯಾನಾದಲ್ಲೂ ಹೀಗೇ ಆಗಿತ್ತಾ? ಬಿರುಕಿತ್ತಾ?"

ಹೌದೆನ್ನಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು.

"ಗೊತ್ತಿಲ್ಲ," ಎಂದ ಅವನು.

"ಗೊತ್ತಿಲ್ಲ ಅಂದ್ರೆ?"

"ಬಿಗಿದ ನೆನಪಿದೆ. ಆದ್ರೆ ಆ ದಿನ ಆತುರ. ಗುರುತು ಹಾಕಿರಲಿಲ್ಲ. ಕಾರು ಗೋಡೆಗೆ ಬಡಿದು ಮುದ್ದೆಯಾಗಿತ್ತು, ನೋಡೋಕೆ ಏನೂ ಉಳಿದಿರಲಿಲ್ಲ. ಬಿಗಿದೆ ಅಂತ ದಿನಾ ಅನ್ಕೋತೀನಿ. ದಿನಾ ನಂಬಿಕೆ ಬರಲ್ಲ." ಅವನು ತಟ್ಟೆಯನ್ನೇ ನೋಡುತ್ತಿದ್ದ. "ನೀನು ಕೇಳಿದಾಗ ಅದಕ್ಕೇ ಬಾಯಿ ಬರಲಿಲ್ಲ. ಇಲ್ಲ ಅನ್ನೋಕೆ ನನಗೇ ಹಕ್ಕಿಲ್ಲ."

ಊರನ್ನೆಲ್ಲ ಶಂಕಿಸುವವಳು ತಾನು. ಇವನು ತನ್ನನ್ನೇ ಶಂಕಿಸಿಕೊಂಡು ಬದುಕುತ್ತಿದ್ದಾನೆ. ಒಂದು ಸುಳ್ಳು ಹೇಳಿದ್ದರೆ ಅವಳು ಈ ಕ್ಷಣ ಪೂರ್ತಿ ನಂಬಿಬಿಡುತ್ತಿದ್ದಳು. ಅವನು ಹೇಳಲಿಲ್ಲ.

ಬ್ರೆಂಟ್ ಆಗಿದ್ದರೆ ಹೇಳಿರುತ್ತಿದ್ದ.

"ತೊಲೆ ಇಳಿಸಿ ವೆಲ್ಡಿಂಗ್ ಮಾಡಬೇಕು," ಎಂದಳು ಕೊನೆಗೆ. "ನನ್ನೊಬ್ಬಳ ಕೈಲಿ ಆಗಲ್ಲ."

"ಭಾನುವಾರ?"

"ಟ್ರ್ಯಾಕು ಮುಂದಿನ ತಿಂಗಳೂ ಇರುತ್ತೆ."

* * *

ಏಪ್ರಿಲ್ಲಿನ ಬಿಸಿಲು ಟ್ರ್ಯಾಕಿನ ಮೇಲೆ ಹೊಳೆಯುತ್ತಿತ್ತು. ಓಡುವ ಮುನ್ನ ಪ್ರತಿ ಕಾರನ್ನೂ ತಪಾಸಣೆಗೆ ನಿಲ್ಲಿಸಬೇಕು. ದಪ್ಪ ಮೀಸೆಯ ತಪಾಸಣೆಗಾರ ಡಸ್ಟರಿನಡಿ ಬಗ್ಗಿ, ತೊಲೆಯ ಹೊಸ ವೆಲ್ಡಿಂಗನ್ನು ಬೆರಳಿನಿಂದ ಸವರಿದ.

"ಸ್ಟೇರಿಂಗ್ ಬೋಲ್ಟು ಬಿಗಿದಿದ್ದು ಯಾರು?"

"ವೇಡ್ ಟಾಲ್ಮನ್," ಎಂದಳು ಇಲೋನಾ.

ತಪಾಸಣೆಗಾರನ ಬೆರಳು ನಿಂತಿತು. ಆ ಹೆಸರನ್ನು ಅವನೂ ಕೇಳಿದ್ದ. ಎರಡು ಹೆಜ್ಜೆ ಹಿಂದೆ ನಿಂತಿದ್ದ ವೇಡ್ ನೆಲ ನೋಡಿದ.

"ಆಮೇಲೆ ನೀನು ನೋಡಿದೆಯಾ?" ತಪಾಸಣೆಗಾರ ಅವಳನ್ನು ಕೇಳಿದ.

ಹಿಂದಿನ ಸಂಜೆಯೆಲ್ಲ ಬೆರಳುಗಳು ಸ್ಪ್ಯಾನರಿಗಾಗಿ ತುರಿಸಿದ್ದವು. ಎರಡು ಸಲ ಗ್ಯಾರೇಜಿನ ಬಾಗಿಲವರೆಗೆ ಹೋಗಿ ವಾಪಸಾಗಿದ್ದಳು.

"ಇಲ್ಲ. ಅವನು ಬಿಗಿದ, ಅವನೇ ಗೆರೆ ಎಳೆದ. ಸಾಕು."

"ನನಗೆ ಸಾಲದು," ಎಂದು ತಪಾಸಣೆಗಾರ ತಾನೇ ಸ್ಪ್ಯಾನರು ಹಾಕಿ ಎಳೆದ. ಟಕ್. ಟಕ್. ಟಕ್. ಗೆರೆ ಅಲುಗಲಿಲ್ಲ. "ಹೋಗಮ್ಮ. ಒಳ್ಳೆ ಕೆಲಸ."

ಅವಳು ಓಡಿಸಿದಳು. ಬೇಲಿಯಾಚೆ ವೇಡ್ ಗಡಿಯಾರ ಹಿಡಿದಿದ್ದ. ಬಲ ತಿರುವಿನಲ್ಲಿ ಡಸ್ಟರ್ ತಡಮಾಡದೆ, ಹೇಳಿದ ಕಡೆಗೆ, ಹೇಳಿದ ಕ್ಷಣಕ್ಕೆ ತಿರುಗಿತು.

ಮರಳಿ ಬಂದು ಹೆಲ್ಮೆಟ್ ತೆಗೆದವಳ ಕೂದಲು ಬೆವರಿಗೆ ಅಂಟಿತ್ತು. "ಎಷ್ಟಾಯ್ತು?"

"ಗೊತ್ತಿಲ್ಲ. ಗುಂಡಿ ಒತ್ತೋದು ಮರೆತೆ. ನಿನ್ನನ್ನೇ ನೋಡ್ತಾ ಇದ್ದೆ."

ಮಾತು ಮುಗಿದ ಮೇಲೆ ಅವನಿಗೇ ನಾಚಿಕೆಯಾಯಿತು. ಇಲೋನಾ ಕಾರಿನಡಿ ನುಸುಳಿದಳು. ಅವನೂ ಪಕ್ಕದಲ್ಲಿ ನುಸುಳಿದ. ಇಬ್ಬರೂ ಅಂಗಾತ ಮಲಗಿ ಮೇಲೆ ನೋಡಿದರು. ಬಿಸಿ ಲೋಹದ ವಾಸನೆ. ಹವಳದ ಗೆರೆಗಳು ನೆಟ್ಟಗಿದ್ದವು.

ವೇಡ್ ಜೇಬಿನಿಂದ ಉಗುರುಬಣ್ಣದ ಪುಟ್ಟ ಸೀಸೆ ತೆಗೆದ. ಅವಳ ಕೈಯನ್ನು ತನ್ನ ಕೈಯ ಪಕ್ಕ ಇಟ್ಟುಕೊಂಡು, ಅವಳ ಕಿರುಬೆರಳಿನಿಂದ ತನ್ನ ಕಿರುಬೆರಳಿನವರೆಗೆ ಒಂದು ಗೆರೆ ಎಳೆದ.

"ಇದೇನಿದು?" ಅವಳ ದನಿ ಮೆಲ್ಲಗಿತ್ತು.

"ಪ್ರೀತಿಸ್ತೀನಿ ಅಂತ ಹೇಳಿದ್ರೆ ನೀನು ನಂಬಲ್ಲ. ಅದಕ್ಕೇ ಗುರುತು ಹಾಕಿದೆ."

ಬಣ್ಣ ಒಣಗುವವರೆಗೆ ಅವಳು ಕೈ ಅಲುಗಿಸಲಿಲ್ಲ.

"ನಾನು ನೋಡ್ತಾನೇ ಇರ್ತೀನಿ, ವೇಡ್. ಒಡೆದಿದೆಯಾ ಅಂತ. ನನ್ನ ಸ್ವಭಾವ ಅದು, ಹೋಗಲ್ಲ."

"ಹೋಗೋದು ಬೇಡ," ಎಂದ ಅವನು. "ದಿನಾ ನೋಡು."