ಯಾವ ಗುಂಪಿಗೆ ಸೇರಿದವಳು

ಚಳಿ ಹಿಂದೆಗೆಯುತ್ತಿದ್ದ ಕಾಲ, ಸಂಜೆ ನಾಲ್ಕರ ಹೊತ್ತು. ಟೀ ಫ್ಲಾಸ್ಕ್ ಹಿಡಿದು ಮೂರನೆಯ ಮಹಡಿಯ ಆಫೀಸಿಗೆ ಹೋದಾಗ, ಅಲ್ಲಿ ಕೆಲಸ ಮಾಡುತ್ತಿದ್ದ ಅವರು ಮೊದಲ ಸಲ ನನ್ನ ಮುಖ ನೋಡಿ ಥ್ಯಾಂಕ್ಸ್ ಅಂದರು. ಅಲ್ಲಿಯವರೆಗೆ ಲೋಟವನ್ನಷ್ಟೇ ನೋಡುತ್ತಿದ್ದವರು. ಅಂದೇ ನನಗೆ ಅನುಮಾನ ಬಂತು.

ಅದು ಕಂಪನಿಗಳನ್ನು ವಿಂಗಡಿಸುವ ಆಫೀಸು. ಇದು ಔಷಧಿಯದು, ಇದು ಬಟ್ಟೆಯದು ಎಂದು ಅಲ್ಲಿಯವರು ಗುಂಪು ಮಾಡಿಟ್ಟರೆ, ಷೇರು ಕೊಳ್ಳುವವರು ಅದನ್ನು ನೋಡಿ ಹಣ ಹಾಕುತ್ತಾರಂತೆ. ನನ್ನ ಓದು ಅಷ್ಟಕ್ಕಷ್ಟೆ. ಇದೆಲ್ಲ ಕೇಳಿ ತಿಳಿದದ್ದು. ಕಂಪನಿಯ ಹೆಸರನ್ನು ಅಲ್ಲಿ ಯಾರೂ ನಂಬುವುದಿಲ್ಲ. ಚಪ್ಪಲಿ ಕಂಪನಿ ಅಂತ ಬೋರ್ಡಿದ್ದರೂ ಹೆಚ್ಚಿನ ವರಮಾನ ಮಳಿಗೆಗಳ ಬಾಡಿಗೆಯಿಂದ ಬಂದರೆ, ಅದು ಕಟ್ಟಡದವರ ಗುಂಪಿಗೆ.

ಅಂಥದೊಂದು ಕಂಪನಿಯ ಗುಂಪು ಬದಲಾಗುವ ಸುದ್ದಿ, ಪ್ರಕಟವಾಗುವ ಮೊದಲೇ, ಷೇರು ಕೊಂಡು ಮಾರಿಸುವ ಎದುರಿನ ಬ್ರೋಕರ್ ಆಫೀಸಿಗೆ ಸೋರಿತ್ತು.

ಆಮೇಲೆ ಆ ಥ್ಯಾಂಕ್ಸ್ ಅಂದವರು ದಿನಾ ಕೆಳಗಿನ ನನ್ನ ಟೀ ಕೌಂಟರಿಗೇ ಬರತೊಡಗಿದರು. ಸಕ್ಕರೆ ಕಡಿಮೆ ಅನ್ನುವರು, ಹಾಕಿದರೆ ಜಾಸ್ತಿ ಅನ್ನುವರು. ಲೋಟದ ಅಂಚಿನಿಂದ ಕಣ್ಣೆತ್ತುವರು. ನಾನು ನೋಡಿದರೆ ಟೀಯಲ್ಲಿ ಏನೋ ಬಿದ್ದಂತೆ ಬಗ್ಗುವರು. ಆ ಬ್ರೋಕರ್ ಆಫೀಸಿಗೆ ಎಷ್ಟು ಹೊತ್ತಿಗೆ ಟೀ ಒಯ್ಯುತ್ತೀರಿ, ಯಾರ ಜೊತೆ ಮಾತು ಎಂದು ವಿಚಾರಿಸುವರು.

ಚಿಕ್ಕಮ್ಮ ಪಾತ್ರೆ ತೊಳೆಯುತ್ತಾ, "ಬೆಕ್ಕು ಕಣ್ಣು ಮುಚ್ಚಿದೆ ಕಣೆ, ಹಾಲು ಜೋಪಾನ" ಅಂದಳು.

ಒಂದು ಸಂಜೆ ನಾನೇ ಕೇಳಿಬಿಟ್ಟೆ. "ಸಾರ್, ನೀವು ಬರೋದು ಟೀಗಾ, ನನ್ನ ಮೇಲೆ ಕಣ್ಣಿಡೋಕಾ?"

"ಮೊದಲು ಕಣ್ಣಿಡೋಕೇ," ಅಂದರು. "ನಿಮ್ಮ ವ್ಯಾಪಾರ ಹೆಚ್ಚು ನಡೆಯೋದು ಬ್ರೋಕರ್ ಆಫೀಸಲ್ಲಿ. ಹಾಗಾಗಿ ನೀವು ಅವರ ಕಡೆಯವರು ಅಂದ್ಕೊಂಡೆ."

"ಮನುಷ್ಯರನ್ನೂ ಹಾಗೇ ಗುಂಪು ಮಾಡ್ತೀರಾ?"

"ಮಾಡಿದೆ. ತಪ್ಪಾಯ್ತು."

ಸುದ್ದಿ ಸೋರಿಸಿದವರು ಅವರ ಮ್ಯಾನೇಜರೇ, ಹೋದ ವಾರವೇ ಸಿಕ್ಕಿಬಿದ್ದರಂತೆ. ಹಾಗಾದರೆ ಈ ವಾರವೆಲ್ಲ ಯಾಕೆ ಬಂದಿರಿ ಅಂದೆ. ಅವರ ಕಿವಿ ಕೆಂಪಾಯಿತು. ಖಾಲಿ ಲೋಟವನ್ನೇ ಇನ್ನೊಂದು ಗುಟುಕು ಕುಡಿದರು.

ಆ ಕೆಂಪು ಕಿವಿಯನ್ನು ನಂಬಿದೆ. ಆದರೆ ಮದುವೆಯ ಮಾತೆತ್ತಿದ ದಿನವೇ ಅವರು ಇನ್ನೊಂದನ್ನೂ ಹೇಳಿದರು. ವಿಂಗಡಿಸುವವರ ಮನೆಯವರಿಗೆ ಬ್ರೋಕರ್ ಆಫೀಸಿನೊಡನೆ ಯಾವ ವ್ಯವಹಾರವೂ ಇರಕೂಡದಂತೆ, ಟೀ ಕೂಡ. ನನ್ನನ್ನು ಅಲ್ಲಿಂದ ಬಿಡಿಸಲೆಂದೇ ಇಷ್ಟು ಸುತ್ತಿದರೇನೋ ಅನ್ನಿಸಿತು.

"ಆ ಟೀಯಿಂದಲೇ ನನ್ನ, ಚಿಕ್ಕಮ್ಮನ ಒಲೆ ಉರಿಯೋದು. ಬಿಡಲ್ಲ," ಅಂದೆ.

ತಲೆಯಾಡಿಸಿ ಹೋದರು. ಮತ್ತೆ ಬರಲಿಲ್ಲ. ಮೇಲೆ ಟೀ ಒಯ್ದಾಗಲೂ ಅವರ ಕುರ್ಚಿ ಖಾಲಿ. ನಾನು ಹೇಳಲಿಲ್ಲವಾ ಅಂದಳು ಚಿಕ್ಕಮ್ಮ. ಹೌದೆಂದೆ, ರಾತ್ರಿ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ, ಹಾಲಿನ್ನೂ ಕಾಯದ ಹೊತ್ತಿಗೆ, ರಟ್ಟಿನ ಪೆಟ್ಟಿಗೆಯಲ್ಲಿ ಛತ್ರಿ, ಆಫೀಸಿನ ಕುರ್ಚಿಯ ದಿಂಬು ತುಂಬಿಕೊಂಡು ಅವರು ಕೌಂಟರಿನೆದುರು ನಿಂತಿದ್ದರು. ಯಾವ ಊರಿಗೆ ಟ್ರಾನ್ಸ್‌ಫರ್ ಎಂದು ಚಿಕ್ಕಮ್ಮ ಕೊಂಕು ತೆಗೆದಳು.

"ಕೆಲಸವನ್ನೇ ಬಿಟ್ಟೆ, ಚಿಕ್ಕಮ್ಮಾ. ಇವರ ಒಲೆ ಆರಿಸಿ ಬರೋ ಸಂಬಳ ನನಗೆ ಬೇಡ."

ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಸ್ಟೂಲು ಎಳೆದುಕೊಟ್ಟೆ.

ಚಿಕ್ಕಮ್ಮ ಮದುವೆಯ ದಿನದವರೆಗೂ ಅವರನ್ನು ನಂಬಲಿಲ್ಲ. ಅವರು ಆ ಮೂರನೆಯ ಮಹಡಿ ಬಿಟ್ಟು ಇಳಿದದ್ದು ಮಂಗಳವಾರ, ಮಂಗಳವಾರ ಶುರುವಾದದ್ದು ನೆಲೆ ನಿಲ್ಲದು ಅನ್ನುವುದು ಅವಳ ಲೆಕ್ಕ.